ಏಕಾಂತಯ್ಯನವರು ತಂದ ಮಾತು

ಏಕಾಂತಯ್ಯನವರ ಬಾಯಲ್ಲಿ ಬೇರೆಯವರ ಮಾತು ಎಂದೂ ಮುಕ್ಕಾಗುತ್ತಿರಲಿಲ್ಲ. ಬೈದು ಕಳಿಸಿದವರ ಬೈಗುಳವನ್ನೂ ಹರಸಿ ಕಳಿಸಿದವರ ಹಾರೈಕೆಯನ್ನೂ ತಮ್ಮದೊಂದು ಅಕ್ಷರ ಸೇರಿಸದೆ ಒಪ್ಪಿಸಿ, ಕೊನೆಗೆ "ಅಂದದ್ದಿಷ್ಟು" ಎಂದು ಸುಮ್ಮನಾಗಿಬಿಡುತ್ತಿದ್ದರು. ಈ ಗುಣದಿಂದ ನೆಂಟರಿಷ್ಟರಲ್ಲಿ ಅವರು ಕಟ್ಟಿಕೊಂಡ ನಿಷ್ಠುರ ಅಷ್ಟಿಷ್ಟಲ್ಲ. ಮದುವೆಯ ಮಾತುಕತೆಗೆ ಅವರನ್ನು ಕರೆದೊಯ್ಯುವುದನ್ನು ಬಂಧುಗಳು ಎಂದೋ ಬಿಟ್ಟಿದ್ದರು. ಆ ಗುಣಕ್ಕೆ ಬೆಲೆ ಬಂದದ್ದು ಮೈಸೂರಿನ ಸೆರೆಮನೆಯೊಳಗೆ.

ತೊಂಬತ್ತರ ದಶಕದ ನಡುವಿನಲ್ಲಿ ಮೇಷ್ಟರ ಕೆಲಸದಿಂದ ನಿವೃತ್ತರಾದವರು, ಕೈದಿಗಳಿಗೆ ಓದುಬರಹ ಕಲಿಸಲು ತಾವಾಗಿಯೇ ಒಪ್ಪಿಕೊಂಡು ಶನಿವಾರ ಶನಿವಾರ ಹೋಗತೊಡಗಿದರು. ಹಣೆಯ ಮೇಲೆ ವಿಭೂತಿ, ಬೇಸಿಗೆಯಲ್ಲೂ ಕಳಚದ ಬೂದುಬಣ್ಣದ ಕೋಟು, ಎದುರುಗಾಳಿಯಲ್ಲಿ ನಡೆಯುವವರಂತೆ ಮುಂದಕ್ಕೆ ಬಾಗಿದ ನಡಿಗೆ. ಅಕ್ಷರ ಕಲಿಯಲು ಕೂತವರು ಕೆಲವೇ ವಾರಗಳಲ್ಲಿ ಸ್ಲೇಟು ಬದಿಗಿಟ್ಟು, "ಮೇಷ್ಟ್ರೇ, ನಮ್ಮನೆ ಕಡೆ ಒಸಿ ಹೋಗ್ಬತ್ತೀರಾ" ಎಂದು ಕೇಳಲಾರಂಭಿಸಿದರು. ಅಧಿಕಾರಿಗಳ ಒಪ್ಪಿಗೆ ಪಡೆದು ಮೇಷ್ಟರು ಹೋದರು.

ರುದ್ರಸ್ವಾಮಿ ಜಮೀನಿನ ಜಗಳದಲ್ಲಿ ಒಡಹುಟ್ಟಿದ ಅಣ್ಣನನ್ನೇ ಕೊಂದು ಬಂದವನು. ಅವನಿಗೆ ಉಳಿದಿದ್ದವರು ಮೇಟಗಳ್ಳಿಯಲ್ಲಿದ್ದ ಹಿರಿಯಕ್ಕ ಶಾರದಮ್ಮ ಒಬ್ಬರೇ. ಅವರು ಮನೆಗೆ ಸೇರಿಸಿಕೊಳ್ಳಲು ಒಪ್ಪಿದರೆ ಅವನಿಗೆ ಪೆರೋಲಿನ ಮೇಲೆ ಕೆಲವು ದಿನ ಹೊರಗಿನ ಗಾಳಿ, ಇಲ್ಲದಿದ್ದರೆ ಇಲ್ಲ. ಏಕಾಂತಯ್ಯನವರು ಹೋಗಿ ಕೇಳಿ ಬಂದರು. ಆ ಶನಿವಾರ, ಜನ್ಮದಲ್ಲಿ ಮೊದಲ ಸಲ, ಅವರ ನಾಲಿಗೆ ತಡವರಿಸಿತು.

"ಮನೇಲಿ ಇರಲಿಲ್ಲ ಕಣಪ್ಪ."

ರುದ್ರಸ್ವಾಮಿ ಅವರ ಮುಖವನ್ನೇ ನೋಡಿದ. "ಅಂದಿದ್ನ ಹೇಳ್ಬುಡಿ ಮೇಷ್ಟ್ರೇ. ನೀವೂ ಹಿಂಗ್ ಮಾಡುದ್ರೆ ನಾನು ಇನ್ಯಾರ್ ಮಾತ್ ನಂಬ್ಲಿ?"

ಏಕಾಂತಯ್ಯನವರಿಗೆ ನಾಚಿಕೆಯಾಯಿತು. ತಲೆ ತಗ್ಗಿಸಿ ಒಪ್ಪಿಸಿದರು: "'ನಂಗಿದ್ದ ಇಬ್ರು ತಮ್ಮಂದ್ರೂ ಒಂದೇ ದಿನ ಸತ್ತೋದ್ರು ಅಂತ ಹೇಳ್ಬುಡಿ.' ಅಂದದ್ದಿಷ್ಟು."

ರುದ್ರಸ್ವಾಮಿ ಕೇಳಿದ, "ನಿಂತಂಗೇ ಮಾತಾಡ್ಸಿ ಕಳ್ಸುದ್ಲಾ?"

"ಇಲ್ಲ. ಒಳಗೆ ಕರೆದು ಚಾಪೆ ಹಾಸಿದ್ರು. ಕಾಫಿ ಕೊಟ್ರು."

"ಕಾಫಿ ಕೊಟ್ಟಿದ್ದು ನನ್ ಹೆಸ್ರು ಹೇಳಕ್ ಮುಂಚೇನಾ, ಆಮೇಕಾ?"

ಏಕಾಂತಯ್ಯನವರು ನೆನಪು ಮಾಡಿಕೊಂಡರು. ಹೆಸರು ಕೇಳಿದ ಶಾರದಮ್ಮ ಆ ಮಾತು ಆಡಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಒಲೆಯ ಮುಂದೆ ಹೋಗಿದ್ದರು.

"ಆಮೇಲೆ," ಎಂದರು.

ರುದ್ರಸ್ವಾಮಿಯ ಕಣ್ಣು ತುಂಬಿತು. "ಅಂಗಾರೆ ಇನ್ನೊಂದ್ ಸಲ ಹೋಗ್ಬನ್ನಿ."

ಬರಿಯ ಮಾತನ್ನಷ್ಟೇ ಹೊತ್ತು ತಂದು ಅದನ್ನೇ ಸತ್ಯವೆಂದು ನಂಬಿದ್ದ ತಾವು ಈವರೆಗೆ ಎಷ್ಟು ಮನೆಗಳಲ್ಲಿ ಏನೇನು ಬಿಟ್ಟು ಬಂದಿರಬಹುದೆಂದು ಏಕಾಂತಯ್ಯನವರು ಅಂದು ದಾರಿಯುದ್ದಕ್ಕೂ ನೊಂದುಕೊಂಡರು.

ಅವರು ಹೋಗುತ್ತಿದ್ದ ಅಷ್ಟೂ ವರ್ಷ ಶಾರದಮ್ಮ ಒಪ್ಪಲಿಲ್ಲ. ಮೇಷ್ಟರು ಹೋಗುವುದನ್ನು ಬಿಡಲಿಲ್ಲ. ಆಕೆ ಕಾಫಿ ಕೊಡುವುದನ್ನೂ ಬಿಡಲಿಲ್ಲ. ಸೆರೆಮನೆಗೆ ಹೀಗೆ ಹೋಗಿಬರುವ ಜನ ಯಾರ ಶಿಕ್ಷೆಯನ್ನೂ ಒಂದು ದಿನದಷ್ಟು ಕಡಿಮೆ ಮಾಡಲಾರರು, ಸತ್ತವರನ್ನು ಬದುಕಿಸಿ ತರಲಾರರು. ಮನೆಯವರು ಬಾಯಿಬಿಟ್ಟು ಹೇಳದ ಒಂದು ಹೆಸರನ್ನು ಅವರ ನಡುಮನೆಯಲ್ಲಿ ಕೂತು ಮೆಲ್ಲಗೆ ಹೇಳುತ್ತಾರೆ. ಕೇಳಿಸಿಕೊಂಡವರು ತಮಗೆ ಎದ್ದುಹೋಗಿ ಎನ್ನದಿದ್ದರೆ ಅಷ್ಟೇ ಸಾಕೆಂದು ಬಸ್ಸು ಹತ್ತುತ್ತಾರೆ.