ಮಾಸು ಬೀಳುವ ಮುನ್ನ

ಆ ಮನೆಯ ಅತ್ತೆ ಒಂದು ಮಾತು ಆಡಿದರೆ ಮುಗಿಯಿತು, ದೇವರೇ ಬಂದರೂ ಬದಲಾಗುತ್ತಿರಲಿಲ್ಲ. ಹಸು ಈದ ಮೇಲೆ ಮಾಸು, ಅಂದರೆ ಕರುವಿನ ಹಿಂದೆ ಬರುವ ಪೊರೆ, ಬೀಳುವವರೆಗೂ ಕರುವಿಗೆ ತೊಟ್ಟು ಹಾಲು ಬಿಡಬಾರದು ಅನ್ನುವುದು ಅಂಥದೇ ಒಂದು ಮಾತು. ಬಿಟ್ಟರೆ ಮಾಸು ಒಳಗೇ ನಿಂತು ಹಸು ಕೈತಪ್ಪಿ ಹೋಗುತ್ತದೆ ಅಂತ ಅವರ ಅತ್ತೆ ಹೇಳಿದ್ದರಂತೆ. ಆ ಅತ್ತೆಗೆ ಯಾರು ಹೇಳಿದರು ಅಂತ ಕೇಳುವ ಎದೆ ಯಾರಿಗಿತ್ತು ಹೇಳಿ.

ಹೋದ ಸಲ ಮನೆಯ ಹಸು ಚುಕ್ಕಿ ಹಾಕಿದ ಕರು ಸಂಜೆಯವರೆಗೂ ಬಾಯಿ ಬಿಟ್ಟುಕೊಂಡು ಕಾದಿತ್ತು. ವಾರ ತುಂಬುವುದರೊಳಗೆ ಭೇದಿ ಹತ್ತಿ ಸತ್ತೇಹೋಯಿತು. ಅತ್ತೆ ಹಣೆಬರಹ ಅಂದರು. ಅಂದರೂ ಎಷ್ಟೋ ದಿನ ಕೊಟ್ಟಿಗೆ ಕಡೆ ತಲೆ ಹಾಕಲಿಲ್ಲ.

ಈ ಸಲ ಬೆಳಗ್ಗೆ ಚುಕ್ಕಿಗೆ ನೋವು ಕಾಣಿಸಿದ್ದೇ ತಡ, ಸೊಸೆ ಯಾರನ್ನೂ ಕೇಳದೆ ಪಕ್ಕದ ಮನೆಯ ಕರುವಿನಕ್ಕನನ್ನು ಕರೆತಂದಳು. ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಆಕೆಗೆ ಓಣಿಯವರೇ ಇಟ್ಟ ಹೆಸರದು. ಅತ್ತೆ ಮುಖ ಗಂಟಿಕ್ಕಿಕೊಂಡರು, ಆದರೆ ಬೇಡ ಅನ್ನಲಿಲ್ಲ.

ನೀರುಚೀಲ ಒಡೆಯಿತು. ಅತ್ತೆ ಕರು ಎಳೆಯಲು ಹಗ್ಗ ಹಿಡಿದು ಬಂದರು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಯಾಕಮ್ಮ ಅಂತ ಕರುವಿನಕ್ಕ ನಕ್ಕಳು. ಮುಂಗಾಲು ಎರಡೂ ಮೂಗೂ ಕಾಣುತ್ತಿವೆ, ಕರು ಸರಿಯಾಗೇ ಬರುತ್ತಿದೆ, ಒಂದು ಗಂಟೆಯಾದರೂ ಮುಂದಕ್ಕೆ ಸರಿಯದಿದ್ದರೆ ಡಾಕ್ಟರನ್ನು ಕರೆಯೋಣ ಅಂದಳು. ಕರೆಯುವ ಹೊತ್ತೇ ಬರಲಿಲ್ಲ. ಚುಕ್ಕಿ ತಿಣುಕಿ ತಿಣುಕಿ ತಾನೇ ಹೆಣ್ಣುಗರು ಹಾಕಿತು. ಸೊಸೆ ಸೋಪಿನಲ್ಲಿ ಕೈ ತೊಳೆದು ಕರುವಿನ ಮೂಗು ಬಾಯಿ ಒರೆಸಿದಳು, ಹೊಕ್ಕುಳಿಗೆ ಅಯೋಡಿನ್ ಹಚ್ಚಿದಳು.

ಕರು ತೂರಾಡುತ್ತಾ ಎದ್ದು ಕೆಚ್ಚಲು ಹುಡುಕಿತು. ಅತ್ತೆ ಅಡ್ಡ ನಿಂತರು. "ಮೊದಲು ಮಾಸು ಬೀಳಲಿ."

"ಅಮ್ಮಾ, ಕರು ಚೀಪಿದ್ರೆ ಗರ್ಭಕೋಶ ಬಿಗಿಯಾಗಿ ಮಾಸು ಬೀಳೋಕೂ ಅನುಕೂಲ," ಅಂದಳು ಕರುವಿನಕ್ಕ. "ರೋಗ ತಡೆಯೋ ಶಕ್ತೀನ ಕರು ಹೊಟ್ಟೆಯಿಂದ ತರೋದಿಲ್ಲ. ಅದು ಈ ಗಿಣ್ಣುಹಾಲಲ್ಲಿದೆ. ಹೊತ್ತಾದಷ್ಟೂ ಮೈಗೆ ಹತ್ತೋದು ಕಮ್ಮಿ."

ಅತ್ತೆ ಪಕ್ಕಕ್ಕೆ ಸರಿದರು.

"ಹಾಗಾದ್ರೆ ಹೋದ ಸಲದ್ದು... ನನ್ನಿಂದಲೇ ಹೋಯ್ತಾ?"

"ಆಗ ನಿಮಗೆ ಗೊತ್ತಿರಲಿಲ್ಲ. ಈಗ ಗೊತ್ತಾಯ್ತಲ್ಲ."

ಅತ್ತೆ ಕುಕ್ಕರುಗಾಲಲ್ಲಿ ಕೂತು, ಕೆಚ್ಚಲು ತೊಳೆದು, ತಾವೇ ಮೊಲೆಯನ್ನು ಕರುವಿನ ಬಾಯಿಗಿಟ್ಟರು. ಕರು ಬಾಲ ಅಲ್ಲಾಡಿಸುತ್ತಾ ಗುಟುಕು ಗುಟುಕಾಗಿ ಕುಡಿಯಿತು. ಅತ್ತೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಮಧ್ಯಾಹ್ನ ಊಟದ ಹೊತ್ತಿಗೆ ಮಾಸೂ ಬಿತ್ತು. ಮಾರನೇ ದಿನಕ್ಕೂ ಬೀಳದಿದ್ದರೆ ಕೈಹಾಕಿ ಎಳೆಯಬೇಡಿ, ಡಾಕ್ಟರನ್ನು ಕರೆಯಿರಿ ಅಂತ ಕರುವಿನಕ್ಕ ಮೊದಲೇ ಹೇಳಿಟ್ಟಿದ್ದಳು.

ಆ ಕರು ಈಗ ಕೊಬ್ಬಿದ ಕಡಸು, ಅತ್ತೆಯ ಸೆರಗು ಕಂಡರೆ ಜಗ್ಗದೆ ಬಿಡುವುದಿಲ್ಲ. ಓಣಿಯಲ್ಲಿ ಯಾರ ಮನೆ ಹಸು ಈದರೂ ಅತ್ತೆ ಹಾಜರ್. ಮೊದಲೆಲ್ಲ ಬಾಗಿಲಲ್ಲೇ ನಿಂತು ಮಾಸು ಬಿತ್ತಾ ಅಂತ ಕೇಳುತ್ತಿದ್ದವರು, ಈಗ ಚಪ್ಪಲಿ ಬಿಡುವ ಮೊದಲೇ ಕೇಳುವುದು ಒಂದೇ: "ಕರು ಕುಡೀತಾ?"

ನಿಮ್ಮ ಕೊಟ್ಟಿಗೆಯಲ್ಲಿ ಹಸು ಈದಾಗ ಅತ್ತೆ ಬರಲಿಕ್ಕಿಲ್ಲ. ಮಾಸಿಗೆ ಕಾಯಬೇಡಿ, ಹುಟ್ಟಿದ ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ. ಕರು ಕುಡೀತಾ ಅಂತ ನೀವೇ ಕೇಳಿಕೊಳ್ಳಿ.