ಒಂದೇ ಕಂದೀಲಿನ ಎರಡು ಅಂಗಡಿ

ಭಾಲ್ಕಿ ಬಜಾರಿನ ಕಮಾನು ಕಟ್ಟಡದಲ್ಲಿ ಎರಡು ಅಂಗಡಿ, ನಡುವೆ ಒಂದೇ ಗೋಡೆ. ಕಟ್ಟಿಸಿದವನು ಜಿಪುಣ, ಒಂದೇ ಕಂದೀಲು ಇಬ್ಬರಿಗೂ ಸಾಕೆಂದು ಆ ಗೋಡೆಯಲ್ಲಿ ಎರಡೂ ಕಡೆಗೆ ತೆರೆದ ಗೂಡು ಬಿಡಿಸಿದ್ದ. ಎಣ್ಣೆ ಒಂದು ದಿನ ಬಟ್ಟೆ ವ್ಯಾಪಾರಿ ಹಾವಗೆಪ್ಪನದು, ಮರುದಿನ ಅತ್ತರಿನ ದಸ್ತಗೀರ ಸಾಹೇಬರದು. ಇವತ್ತು ಯಾರ ಸರದಿ ಎಂಬ ಜಗಳ ಮಾತ್ರ ದಿನವೂ ಇಬ್ಬರದು.

ನಿಜಾಮನ ರಾಜ್ಯಕ್ಕೆ ಭಾರತದ ಸೇನೆ ನುಗ್ಗಿದ ಪೊಲೀಸ್ ಆಕ್ಷನ್ನಿನ ಗದ್ದಲದಲ್ಲಿ ಸಾಹೇಬರು ಅಂಗಡಿಗೆ ಬೀಗ ಹಾಕಿ ಹೈದರಾಬಾದಿಗೆ ಹೋದರು. ಕೆಲವು ವರ್ಷಗಳ ಮೇಲೆ ಹಾವಗೆಪ್ಪ ಕಟ್ಟಡದ ದುರಸ್ತಿಗೆ ಕೈ ಹಾಕಿದ. ಗಾರೆ ಮೆತ್ತುತ್ತಿದ್ದ ಮಡೆಪ್ಪ ಕೇಳಿದ:

"ಸಾವಕಾರ್ರ, ಈ ಗೂಡು ಮುಚ್ಚಲೇನ್ರಿ? ಅರ್ಧ ಬೆಳಕು ಖಾಲಿ ಅಂಗಡಿಗಿ ಹೋಗ್ತದರಿ."

"ಹೋಗ್ಲಿ ಬಿಡೋ, ನಿನ್ನ ಗಂಟೇನು ಹೋಗ್ತದ? ಅವ್ರು ಬಂದು ಕತ್ತಲದಾಗ ಕೂಡಬೇಕೇನು?"

ಕಮಾನಿಗೆ ಹೊಸ ಗಾರೆ ಬಂತು, ಗೂಡು ಹಾಗೇ ಉಳಿಯಿತು. ಸಂಜೆ ಕಂದೀಲು ಹಚ್ಚಿದಾಗ ಸಾಹೇಬರ ಬಾಗಿಲ ಸಂದಿನಿಂದ ಬೆಳಕು ರಸ್ತೆಗೆ ಬಿತ್ತು. ಬಹುಕಾಲದ ಮೇಲೆ ಹಳ್ಳಿಯಿಂದ ಬಜಾರಿಗೆ ಬಂದಿದ್ದ ಸಾಹೇಬರ ಹಳೆಯ ಗಿರಾಕಿ ಸಖುಬಾಯಿ ಅದನ್ನು ಕಂಡು ಓಡಿ ಬಂದು ಬಾಗಿಲು ಬಡಿದಳು.

"ಸಾಹೇಬ್ರ, ಯಾವಾಗ ಬಂದ್ರಿ? ಮಗಳ ಮದಿವಿ ಅದ, ಅತ್ತರ ಬೇಕ್ರಿ!"

ಹಾವಗೆಪ್ಪನೂ ಎದ್ದು, ಆ ಕಡೆಯಿಂದ ಉತ್ತರ ಬರಬಹುದೆಂಬಂತೆ ಗೂಡಿಗೆ ಕಿವಿಗೊಟ್ಟ.

"ಇನ್ನೂ ಬಂದಿಲ್ಲವ್ವ," ಎಂದು ಕೊನೆಗೆ ತಾನೇ ಕೂಗಿ ಹೇಳಿ, ಕಂದೀಲಿಗೆ ಎಣ್ಣೆ ಹಾಕಿದ. ಅವತ್ತಿನ ಸರದಿ ಸಾಹೇಬರದಾಗಿತ್ತು.