ಗುಂಡಮ್ಮನ ಮಧ್ಯಾಹ್ನದ ಅಂಕಿ

ಮೀಟರ್ ಮಾಮ ಎಂದರೆ ಆ ಬೀದಿಯಲ್ಲಿ ಮೂರು ವರ್ಷದ ಮಗುವೂ ಕೈ ಮಾಡಿ ಮನೆ ತೋರಿಸುತ್ತದೆ. ಮೂವತ್ತೊಂದು ವರ್ಷ ಮನೆಮನೆ ಸುತ್ತಿ ಕರೆಂಟಿನ ಮೀಟರು ಓದಿ ನಿವೃತ್ತನಾದ ಮನುಷ್ಯ. ನಾಯಿ ಅಟ್ಟಿಸಿಕೊಂಡು ಬಂದ ದಿನವಿರಲಿ, ಜ್ವರದಿಂದ ಮೈ ಸುಡುತ್ತಿದ್ದ ದಿನವಿರಲಿ, ಮೀಟರಿನ ಮುಂದೆ ನಿಂತು ಕಣ್ಣಾರೆ ನೋಡದೆ ಒಂದೇ ಒಂದು ಅಂಕಿ ಬರೆದವನಲ್ಲ. ಜೊತೆಯವರಲ್ಲಿ ಕೆಲವರು ಮರದ ನೆರಳಿನಲ್ಲಿ ಕೂತು ಇಡೀ ಬೀದಿಯ ಲೆಕ್ಕವನ್ನು ಕೂತಲ್ಲೇ ಹುಟ್ಟಿಸುತ್ತಿದ್ದರು. ಅಂಥವರ ಹೆಸರೆತ್ತಿದರೆ ಇವನಿಗೆ ಇವತ್ತಿಗೂ ಮೈಯೆಲ್ಲ ಉರಿ. ಬಾಗಿಲಿಗೆ ಬೀಗ ಬಿದ್ದ ಮನೆಗಳಿಗೆ ಮಾತ್ರ ಇಲಾಖೆ ಒಂದು ದಾರಿ ಮಾಡಿಕೊಟ್ಟಿತ್ತು. ಹಿಂದಿನ ತಿಂಗಳುಗಳ ಸರಾಸರಿ ಬರೆದು, ಪಕ್ಕದಲ್ಲಿ ‘ಬಾಗಿಲು ಹಾಕಿದೆ’ ಎಂದು ಗುರುತು ಹಾಕಬೇಕು. ಅಷ್ಟೇ.

ಇಂಥವನ ಮನೆಯ ಬೆಕ್ಕಿಗೆ ಸಕ್ಕರೆ ಕಾಯಿಲೆ ಬಂತು ನೋಡಿ!

ಗುಂಡಮ್ಮನಿಗೆ ಹನ್ನೊಂದು ವರ್ಷ. ಯಾರದೋ ಮನೆಯ ಮೀಟರ್ ಪೆಟ್ಟಿಗೆ ತೆರೆದಾಗ ಅಂಗೈಯಷ್ಟಿದ್ದ ಮರಿ ಒಳಗೆ ಕೂತು ಇವನನ್ನೇ ಗದರಿಸಿತಂತೆ. ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಬಂದ. ತಿಂದು ತಿಂದು ದಿಂಬಿನ ಹಾಗಾದಳು, ಹೆಂಡತಿ ಗುಂಡಮ್ಮ ಎಂದು ಕರೆದಳು. ಮಕ್ಕಳಿಲ್ಲವಲ್ಲ ಪಾಪ ಎಂದು ಯಾರಾದರೂ ರಾಗ ಎಳೆದರೆ ಮೀಟರ್ ಮಾಮ, “ಇದ್ದಾಳಲ್ರೀ ಒಬ್ಳು. ಓದು ಅಂತ ಬೈಯೋ ಹಾಗಿಲ್ಲ, ಗಂಡು ಹುಡುಕೋ ಹಾಗಿಲ್ಲ, ಆರಾಮ” ಎಂದು ಬಾಯಿ ಮುಚ್ಚಿಸುತ್ತಿದ್ದ.

ಆ ಗುಂಡಮ್ಮ ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿದಳು. ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತೋ, ಬೆನ್ನಿನ ಮೂಳೆ ಎಣಿಸುವಂತಾಯಿತು. ಹಿಂಗಾಲಿನ ಹಿಮ್ಮಡಿ ನೆಲಕ್ಕೆ ತಾಗಿಸಿ ಮುದುಕಿಯ ಹಾಗೆ ನಡೆಯುತ್ತಿದ್ದಳು. ಪ್ರಾಣಿಗಳ ಕ್ಲಿನಿಕ್ಕಿನ ಡಾಕ್ಟರಮ್ಮ ರಕ್ತ ನೋಡಿ, ಸಕ್ಕರೆ ನಾನೂರ ಹನ್ನೆರಡು ಎಂದರು.

“ಬೆಕ್ಕಿಗೂ ಶುಗರ್ ಬರುತ್ತಾ ಡಾಕ್ಟ್ರೇ?” ಹೆಂಡತಿಗೆ ನಂಬಲಿಕ್ಕೇ ಆಗಲಿಲ್ಲ.

“ಬರುತ್ತಮ್ಮಾ. ಬೇಗ ಹತೋಟಿಗೆ ತಂದ್ರೆ, ಕೆಲವು ಬೆಕ್ಕುಗಳಿಗೆ ಆಮೇಲೆ ಇನ್ಸುಲಿನ್ನೇ ಬೇಕಾಗಲ್ಲ. ಆದ್ರೆ ನಾನು ಹೇಳಿದ್ದನ್ನ ಹೇಳಿದ ಹಾಗೇ ಮಾಡ್ಬೇಕು.”

ಹೇಳಿದ್ದು ಇಷ್ಟು. ಗರಿಗರಿ ಒಣ ತಿಂಡಿ ಇವತ್ತಿನಿಂದ ಬಂದ್, ಬರೀ ಮಾಂಸದ ಮೆತ್ತನೆಯ ಆಹಾರ. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಊಟ ಮಾಡಿಸಿ, ಕತ್ತಿನ ಹಿಂದಿನ ಚರ್ಮ ಎತ್ತಿ ಎರಡು ಯೂನಿಟ್ ಇನ್ಸುಲಿನ್. ಒಂದು ತಿಂಗಳು ದಿನಕ್ಕೆ ನಾಲ್ಕು ಸಲ, ಏಳು, ಹನ್ನೊಂದು, ಮೂರು, ಮತ್ತೆ ಏಳು ಗಂಟೆಗೆ, ಕಿವಿಯ ಅಂಚಿಗೆ ಸೂಜಿ ತಾಗಿಸಿ ಒಂದು ಹನಿ ರಕ್ತ ತೆಗೆದು ಶುಗರ್ ಮೀಟರಿನಲ್ಲಿ ನೋಡಿ ಬರೆದಿಡಬೇಕು.

“ಬೆಳಿಗ್ಗೆ, ಸಂಜೆ ಜಾಸ್ತಿ ಇದ್ದೇ ಇರುತ್ತೆ,” ಎಂದರು ಡಾಕ್ಟರಮ್ಮ. “ಔಷಧಿ ಜೋರಾಗಿ ಕೆಲಸ ಮಾಡೋದು ನಡುವೆ. ಆಗ ಎಷ್ಟು ಕೆಳಗಿಳಿಯುತ್ತೆ ಅನ್ನೋದೇ ನನಗೆ ಮುಖ್ಯ. ಅದನ್ನ ನೋಡ್ಕೊಂಡೇ ಡೋಸ್ ಹೆಚ್ಚು ಕಡಿಮೆ ಮಾಡೋದು.”

“ಅಂಕಿ ಓದೋದು ನನಗೆ ಬಿಡಿ ಡಾಕ್ಟ್ರೇ. ಅದರಲ್ಲೇ ತಲೆಗೂದಲು ಬೆಳ್ಳಗಾಗಿದೆ,” ಎಂದ ಮೀಟರ್ ಮಾಮ. ಮನೆಗೆ ಬಂದವನೇ ಸ್ಕೇಲು ಹಿಡಿದು ನೋಟ್‌ಪುಸ್ತಕದಲ್ಲಿ ದಿನಕ್ಕೆ ನಾಲ್ಕು ಖಾನೆ ಎಳೆದ. ಗೆರೆಯೆಂದರೆ ಗೆರೆ, ಎಳ್ಳಷ್ಟೂ ಸೊಟ್ಟವಿಲ್ಲ.

ಹೆಂಡತಿ ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸದವಳು. ಆ ತಿಂಗಳು ಯಾವುದೋ ಹೊಸ ಹೋಟೆಲಿನ ಎಲ್ಲ ಕಿಟಕಿಗಳ ಪರದೆ ಇವರ ಅಂಗಡಿಗೇ ಬಂದಿತ್ತು, ಭಾನುವಾರಕ್ಕೂ ರಜೆಯಿಲ್ಲ. ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ಸಂಜೆ ಆರೂವರೆಗೆ. ಎರಡು ಹೊತ್ತಿನ ಇಂಜೆಕ್ಷನ್ನು ಅವಳದು. ಸೂಜಿ ಅವಳಿಗೇನು ಹೊಸದೇ? ಬಟ್ಟೆಯ ನೆರಿಗೆ ಹಿಡಿದ ಹಾಗೆ ಚರ್ಮ ಹಿಡಿದು ಚುಚ್ಚಿದರೆ ಗುಂಡಮ್ಮನಿಗೆ ಗೊತ್ತೂ ಆಗುತ್ತಿರಲಿಲ್ಲ. ಚುಚ್ಚಿಸಿಕೊಂಡು ಅವಳ ಕೈಯನ್ನೇ ನೆಕ್ಕುತ್ತಿದ್ದಳು.

ಕಿವಿಯದು ಹಾಗಲ್ಲ, ಅದು ಮೀಟರ್ ಮಾಮನ ಪಾಲು. ಬಿಸಿ ಬಟ್ಟೆ ಒತ್ತಿ, ಕಿವಿ ಕೆಂಪಾದ ಮೇಲೆ ಅಂಚು ಹುಡುಕಿ ಚುಚ್ಚಬೇಕು. ಮೂವತ್ತೊಂದು ವರ್ಷ ಏಣಿ ಹತ್ತಿ ಇಳಿದ ದಪ್ಪ ಬೆರಳುಗಳು. ಒಂದು ಸಲಕ್ಕೆ ಹನಿ ಬಾರದೆ ಎರಡು ಸಲ, ಮೂರು ಸಲ. ಗುಂಡಮ್ಮ ಕಿರುಚುತ್ತಿದ್ದಳು. ಅದು ಬೆಕ್ಕಿನ ಕೂಗಲ್ಲ, ಮಗುವಿನದೇ. ಬೆಳಿಗ್ಗೆ, ಸಂಜೆ ಹೆಂಡತಿ ಹಿಡಿದುಕೊಳ್ಳುತ್ತಿದ್ದಳು, ನಡುವಿನ ಎರಡು ಹೊತ್ತು ಅವನೊಬ್ಬನೇ. ಮೊದಲ ಮೂರು ದಿನ ಹಲ್ಲು ಕಚ್ಚಿ ನಾಲ್ಕೂ ಹೊತ್ತು ತೆಗೆದ. ಮುನ್ನೂರ ಎಪ್ಪತ್ತು, ಮುನ್ನೂರ ನಲವತ್ತು, ಮುನ್ನೂರ ಐವತ್ತು, ಹೀಗೇ ಆಸುಪಾಸು. ನಾಲ್ಕನೆಯ ದಿನ ಹನ್ನೊಂದು ಗಂಟೆಗೆ ಶುಗರ್ ಮೀಟರಿನ ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದಿಗೇ ಅವಳು ಬಟ್ಟೆ ಒಗೆಯುವ ಮಿಷನ್ನಿನ ಹಿಂದೆ ನುಗ್ಗಿಬಿಟ್ಟಳು. ಬಗ್ಗಿ ನೋಡಿದರೆ ಮೂಲೆಗೆ ಒತ್ತಿಕೊಂಡು ಇವನನ್ನೇ ನೋಡುತ್ತ ಬುಸುಗುಡುತ್ತಿದ್ದಾಳೆ. ಜೇಬಿನಲ್ಲಿ ಹೊತ್ತು ತಂದವನನ್ನು ನೋಡಿ!

“ಹೋಗ್ಲಿ ಬಾ, ಇವತ್ತು ಬೇಡ,” ಎಂದ. ಪೆಟ್ಟಿಗೆಯನ್ನು ಅವಳ ಕಣ್ಣೆದುರಿಗೇ ಕಪಾಟಿನೊಳಗೆ ಇಟ್ಟು ಕುರ್ಚಿಯಲ್ಲಿ ಕೂತ. ಅರ್ಧ ಗಂಟೆಯಾದ ಮೇಲೆ ಗುಂಡಮ್ಮ ಬಂದಳು. ಕಾಲು ಮೂಸಿದಳು, ಯೋಚಿಸಿದಳು, ತೊಡೆಯೇರಿ ಕೂತಳು. ಅವನಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ಸಂತೋಷವಾಯಿತು. ಮೂರು ಗಂಟೆಗೂ ಎಬ್ಬಿಸಲಿಲ್ಲ.

ಸಂಜೆ ನಡುವಿನ ಎರಡು ಖಾನೆ ಖಾಲಿ. ಮೀಟರ್ ಮಾಮ ಪೆನ್ನು ಹಿಡಿದು ಕೂತ. ಬೆಳಿಗ್ಗೆ ಮುನ್ನೂರ ಅರವತ್ತೆರಡು, ಸಂಜೆ ಮುನ್ನೂರ ನಲವತ್ತೆಂಟು. ಬೀಗ ಬಿದ್ದ ಮನೆಗೆ ಏನು ಮಾಡುತ್ತಿದ್ದೆ? ಮೂರು ದಿನ ಕಣ್ಣಾರೆ ನೋಡಿದ್ದೇನಲ್ಲ, ಎಲ್ಲ ಇದರ ಆಸುಪಾಸೇ. ಮುನ್ನೂರ ಐವತ್ತೇಳು ಎಂದು ಬರೆದ, ಅದರ ಪಕ್ಕ ಮುನ್ನೂರ ಐವತ್ಮೂರು. ಗುರುತು ಹಾಕಲು ಕೈ ಹೋಯಿತು. ಒಳಗೆ ಹೆಂಡತಿ ಕೈ ತೊಳೆಯುತ್ತಿದ್ದಳು. ಗುರುತು ನೋಡಿದರೆ ಕೇಳುತ್ತಾಳೆ, ಕೇಳಿದರೆ ನಾಳೆಯಿಂದ ಮತ್ತೆ ಚುಚ್ಚಬೇಕು. ಹಾಕಲಿಲ್ಲ.

ಒಂದು ದಿನ ಎರಡಾಯಿತು, ಎರಡು ಹೋಗಿ ವಾರವಾಯಿತು. ಮೊದಲ ವಾರ ಕಳೆದು ಪುಸ್ತಕ ತೋರಿಸಿದಾಗ ಡಾಕ್ಟರಮ್ಮ ಮೂರು ಯೂನಿಟ್ ಮಾಡಿದರು. ಎರಡನೆಯ ವಾರ ಹುಬ್ಬು ಗಂಟಿಕ್ಕಿದರು.

“ಮಧ್ಯಾಹ್ನವೂ ಇಳೀತಾನೇ ಇಲ್ವಲ್ಲ. ಸರಿಯಾಗಿ ತೆಗೀತಿದ್ದೀರಾ ಸಾರ್?”

ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ ನಕ್ಕುಬಿಟ್ಟಳು. “ಇವರನ್ನ ಕೇಳ್ತೀರಾ ಡಾಕ್ಟ್ರೇ? ನಮ್ಮ ಮದುವೆ ದಿನವೂ ಊಟದ ಮನೆ ಮೀಟರ್ ಓದಿ ಬಂದೋರು ಇವರು!”

ಆಗ ಹೇಳಬಹುದಿತ್ತು. ಒಂದು ಮಾತು, ಒಂದೇ ಒಂದು ಮಾತು. ಹೆಂಡತಿಯ ಮುಖದಲ್ಲಿದ್ದ ಆ ಹೆಮ್ಮೆ ನೋಡಿ ಅವನೂ ಜೊತೆಗೆ ನಕ್ಕ. ಡಾಕ್ಟರಮ್ಮ ನಾಲ್ಕು ಯೂನಿಟ್ ಎಂದು ಬರೆದುಕೊಟ್ಟರು.

ಆ ವಾರದ ಮಧ್ಯಾಹ್ನಗಳಷ್ಟು ಒಳ್ಳೆಯ ಮಧ್ಯಾಹ್ನಗಳನ್ನು ಅವನು ಕಂಡಿರಲೇ ಇಲ್ಲ. ಗುಂಡಮ್ಮ ಕರೆಯದೆಯೇ ಬಂದು ತೊಡೆಯ ಮೇಲೆ ಬೀಳುತ್ತಿದ್ದಳು. ಬಿದ್ದರೆ ಗಾಢ ನಿದ್ದೆ, ಹೊರಗೆ ಲಾರಿ ಹಾರನ್ ಹೊಡೆದರೂ ಕಿವಿ ಅಲ್ಲಾಡುತ್ತಿರಲಿಲ್ಲ. ಪೂರ್ತಿ ಕ್ಷಮಿಸಿಬಿಟ್ಟಳು ಎಂದುಕೊಂಡ. ಅವಳಿಗೆ ಎಚ್ಚರವಾದೀತು ಎಂದು ಕಾಲು ಜೋಮು ಹಿಡಿದರೂ ಕದಲದೆ ಕೂತಿರುತ್ತಿದ್ದ. ಮೂರನೆಯ ವಾರದ ಗುರುವಾರ ಅವಳ ಬಾಯಿಂದ ಜೊಲ್ಲು ಇಳಿದು ಪ್ಯಾಂಟು ಒದ್ದೆಯಾಯಿತು. “ಏನು ಸುಖ ನೋಡು ನಿಂದು,” ಎಂದು ಮೆಲ್ಲಗೆ ತಲೆ ಸವರಿದ. ಹಾಗೆಯೇ ಒಂದು ಗಂಟೆ ಕೂತಿದ್ದ.

ಎರಡೂಕಾಲಿಗೆ ಗುಂಡಮ್ಮನ ಮೈ ಬಿಲ್ಲಿನಂತೆ ಸೆಟೆಯಿತು. ನಾಲ್ಕು ಕಾಲೂ ಗಾಳಿಯಲ್ಲಿ ಬಡಿಯತೊಡಗಿದವು. ಡಾಕ್ಟರಮ್ಮ ಹೇಳಿಕೊಟ್ಟಂತೆ ಹೆಂಡತಿ ಕಪಾಟಿನಲ್ಲಿಟ್ಟಿದ್ದ ಜೇನುತುಪ್ಪ ನೆನಪಾಗಿ ಒಸಡಿಗೆ ತಿಕ್ಕಿದ, ಟವಲಿನಲ್ಲಿ ಸುತ್ತಿ, ನೋಟ್‌ಪುಸ್ತಕವನ್ನೂ ಕಂಕುಳಿಗೆ ಸಿಕ್ಕಿಸಿಕೊಂಡು ಚಪ್ಪಲಿಯೂ ಇಲ್ಲದೆ ಓಡಿದ. ಕ್ಲಿನಿಕ್ಕಿನಲ್ಲಿ ರಕ್ತ ನೋಡಿದರೆ, ಜೇನುತುಪ್ಪ ತಿಕ್ಕಿದ ಮೇಲೂ, ಇಪ್ಪತ್ತಾರು.

ಹೆಂಡತಿ ಅಂಗಡಿಯಿಂದ ಓಡಿ ಬರುವ ಹೊತ್ತಿಗೆ ಗುಂಡಮ್ಮನ ಮುಂಗಾಲಿಗೆ ಗ್ಲೂಕೋಸ್ ಹಾಕಿದ್ದರು. ಸೆಳೆತ ನಿಂತಿತ್ತು, ಎಚ್ಚರವಿರಲಿಲ್ಲ. ಡಾಕ್ಟರಮ್ಮ ನೋಟ್‌ಪುಸ್ತಕದ ಹಾಳೆಗಳನ್ನು ಮಗುಚುತ್ತ ನಿಂತಿದ್ದರು.

“ಅರ್ಥವೇ ಆಗ್ತಿಲ್ಲ. ನಿನ್ನೆ ಮಧ್ಯಾಹ್ನ ಮುನ್ನೂರ ನಲವತ್ತು, ಇವತ್ತು ಇಪ್ಪತ್ತಾರು! ಬಹುಶಃ ನಾನೇ ಆತುರ ಪಟ್ಟು ಡೋಸ್ ಏರಿಸಿದ್ನೇನೋ...”

“ಬಹುಶಃ ಅಂತೆ, ಬಹುಶಃ!” ಹೆಂಡತಿ ಸಿಡಿದೆದ್ದಳು. ಅವಳ ಸೆರಗಿಗೆ ಪರದೆಯ ನೂಲು ಇನ್ನೂ ಅಂಟಿಕೊಂಡಿತ್ತು. “ಇವರು ಗಂಟೆ ಗಂಟೆಗೂ ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ನೋಡಿ ಬರೆದಿದ್ದಾರೆ. ಅದನ್ನ ಓದೋಕೂ ಬರದೆ ಔಷಧಿ ಕೊಡ್ತೀರಾ? ಮೂಕ ಪ್ರಾಣಿ ಅಂತ ಏನು ಬೇಕಾದ್ರೂ ಮಾಡ್ಬಹುದಾ?”

ಡಾಕ್ಟರಮ್ಮ ತಲೆ ತಗ್ಗಿಸಿ ನಿಂತರು. ಮಗಳ ವಯಸ್ಸಿನ ಹುಡುಗಿ, ಕಣ್ಣು ತುಂಬಿಕೊಂಡಿತ್ತು.

“ಸುಮ್ನಿರೇ,” ಎಂದ ಮೀಟರ್ ಮಾಮ. “ಅವರದ್ದಲ್ಲ. ಮಧ್ಯಾಹ್ನದ್ದು ನಾನು ನೋಡೇ ಇಲ್ಲ. ಸರಾಸರಿ ಬರೆದೆ.”

“ಏನಂದ್ರಿ?”

“ನಾಲ್ಕನೇ ದಿನದಿಂದ. ಅವಳು ಹೆದರ್ತಿದ್ಲು ಕಣೇ. ನನ್ನ ಕಂಡ್ರೆ ಓಡಿ ಹೋಗ್ತಿದ್ಲು. ನನ್ನಿಂದ ಆಗ್ಲಿಲ್ಲ.”

ಹೆಂಡತಿ ಅವನ ಮುಖ ನೋಡಿದಳು, ಪುಸ್ತಕ ನೋಡಿದಳು. ಬೈಯುತ್ತಾಳೆ ಎಂದುಕೊಂಡ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವಳು ಗೋಡೆಗೆ ಒರಗಿ ಹಾಗೇ ಜಾರಿ ನೆಲದ ಮೇಲೆ ಕೂತುಬಿಟ್ಟಳು.

“ಖಾಲಿ ಬಿಟ್ಟಿದ್ರೂ ಸಾಕಾಗಿತ್ತಲ್ಲ ಸಾರ್,” ಎಂದರು ಡಾಕ್ಟರಮ್ಮ. “ಖಾಲಿ ಇದ್ದಿದ್ರೆ ನಾನು ಏರಿಸ್ತಾನೇ ಇರ್ಲಿಲ್ಲ.”

ತೊಡೆಯ ಮೇಲಿನ ನಿದ್ದೆಯ ಬಗ್ಗೆ ಅವನು ಕೇಳಿದ. ಕೇಳಬಾರದಿತ್ತು, ಆದರೂ ಕೇಳಿದ. ಡಾಕ್ಟರಮ್ಮ ಬೇರೆ ಕಡೆ ನೋಡುತ್ತ, ಅದು ನಿದ್ದೆಯಲ್ಲ, ಸಕ್ಕರೆ ಇಳಿದು ಬಂದ ಮಂಪರು ಎಂದರು.

ಮೂರು ದಿನ ಕ್ಲಿನಿಕ್ಕಿನಲ್ಲಿಟ್ಟುಕೊಂಡು ಗುಂಡಮ್ಮನನ್ನು ಮನೆಗೆ ಕಳಿಸಿದರು. ಜೀವವಿದೆ, ಅಷ್ಟೇ. ಮಿದುಳಿಗೆ ಬಿದ್ದ ಪೆಟ್ಟು ವಾಸಿಯಾಗುವುದಿಲ್ಲವಂತೆ. ಕಣ್ಣು ತೆರೆದೇ ಇರುತ್ತದೆ, ಏನೂ ಕಾಣುವುದಿಲ್ಲ. ನಡೆದರೆ ಒಂದೇ ಕಡೆ ಸುತ್ತುತ್ತಾಳೆ, ಗೋಡೆ ಸಿಕ್ಕಿದರೆ ಹಣೆ ಒತ್ತಿಕೊಂಡು ಅಲ್ಲೇ ನಿಲ್ಲುತ್ತಾಳೆ. ಊಟ ಬೆರಳಿನಿಂದ ಬಾಯಿಗಿಡಬೇಕು. ಒಂದು ಯೂನಿಟ್ ಇನ್ಸುಲಿನ್, ಮೂರು ಗಂಟೆಗೊಮ್ಮೆ ರಕ್ತ. ಎಷ್ಟು ದಿನವೋ ಹೇಳುವುದಕ್ಕಾಗುವುದಿಲ್ಲ ಎಂದಿದ್ದರು.

ಹೆಂಡತಿ ಅಂಗಡಿಗೆ ರಜೆ ಹಾಕಿದಳು. ಹೋಟೆಲಿನ ಪರದೆಗಳು ಇನ್ನೂ ಅರ್ಧದಲ್ಲೇ ಇದ್ದವು. “ನಾನಿದ್ದೀನಲ್ಲ, ನೀನು ಹೋಗು,” ಎಂದ ಮೀಟರ್ ಮಾಮ. ಅವಳು ಕೇಳಿಸದವಳಂತೆ ಬಟ್ಟಲು ತೊಳೆಯುತ್ತಿದ್ದಳು.

ಹನ್ನೊಂದು ಗಂಟೆಗೆ ಅವನು ಗುಂಡಮ್ಮನನ್ನು ತೊಡೆಯ ಮೇಲೆ ಮಲಗಿಸಿಕೊಂಡ. ಬಿಸಿ ಬಟ್ಟೆ ಒತ್ತಿದ, ಸೂಜಿ ತಾಗಿಸಿದ. ಮೊದಲ ಸಲಕ್ಕೇ ಹನಿ ಬಂತು. ಅವಳು ಕಿರುಚಲಿಲ್ಲ, ಕೊಸರಲಿಲ್ಲ. ಯಾರದೋ ಕಿವಿ ಎಂಬಂತೆ ಬಿದ್ದುಕೊಂಡಿದ್ದಳು. ಮೀಟರಿನಲ್ಲಿ ಅಂಕಿ ಮೂಡುವುದನ್ನೇ ಕಾದು ಕನ್ನಡಕ ಸರಿಮಾಡಿಕೊಂಡು ಓದಿದ.

“ಇನ್ನೂರ ಹದಿನಾಲ್ಕು.”

ಪುಸ್ತಕ ಈಗ ಹೆಂಡತಿಯ ಹತ್ತಿರವಿತ್ತು. ಮೇಜಿನ ಮುಂದೆ ಪೆನ್ನು ಹಿಡಿದು ಕೂತಿದ್ದಳು, ಬರೆಯಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದ, “ಇನ್ನೂರ ಹದಿನಾಲ್ಕು ಕಣೇ.” ಅವಳು ಎದ್ದು ಬಂದಳು. ಅವನ ಕೈಯಲ್ಲಿದ್ದ ಮೀಟರನ್ನು ತನ್ನ ಕಡೆ ತಿರುಗಿಸಿಕೊಂಡು, ಬಗ್ಗಿ, ಒಂದೊಂದೇ ಅಂಕಿಯನ್ನು ನೋಡಿದಳು. ಆಮೇಲೆ ಹೋಗಿ ಬರೆದಳು.